ಕಂಬದ ಜಮಾದಾರನ ಕಾಲ್ಮುಳ್ಳು

ಗಿಡ ಹತ್ತಿ ಹೊಟ್ಟಿ ತುಂಬಿಸಿಕೊಳ್ಳೋ ಮನಿಷ್ಯಾಗ ನಗೋ ಪ್ರಸಂಗಕ್ಕ ಬರ ಇಲ್ಲ ನೋಡ್ರಿ. ನೆಲದ ಮ್ಯಾಲ ನಡಿಯೋರು ಎಡವಿದ್ರ ಹಾದಿಲೆ ಹೋಗೋರು ಯಾರರ ಒಬ್ಬರು ನೋಡಿ ನಗತಾರ. ನಾವು ಗಿಡದ ಮ್ಯಾಲ ಎಡವಿದ್ರ ಊರಿಗೆ ಊರೇ ಕತ್ತು ಎತ್ತಿ ನೋಡ್ತದ.

ನಾನು ಸಡಕಿನ ಗಿಡ ಸವರೋ ಗ್ಯಾಂಗಿನ ಮುಕಾದಮ. ಕಲ್ಯಾಣದಿಂದ ಹುಮನಾಬಾದಿನ ತನಕ ಸಡಕಿನ ಮಗ್ಗುಲಿಗೆ ಬೇವು, ಹುಣಸಿ, ಆಲ ಇದ್ವು. ಬಸವಕಲ್ಯಾಣ ಅನ್ನೋ ಹೆಸರು ಆಮ್ಯಾಲಿಂದು, ಆಗ ನಮಗೆಲ್ಲ ಬರೇ ಕಲ್ಯಾಣ. ಟೊಂಗಿ ಬಾಗಿ ಸಡಕಿಗೆ ಬಂದ್ರ, ಟಪಾಲ ಕಚೇರಿಯ ತಾರಿನ ತಂತಿಗೆ ತಾಗಿದ್ರ ಅದನ್ನ ಸವರೋದು ನಮ್ಮ ಕೆಲಸ. ನನ್ನ ಜೋಡಿ ಚಾಚಾ ಇದ್ದ. ಚಾಚಾ ಅಂದ್ರ ಕಲ್ಯಾಣದ ಕೋಟಿ ಹತ್ತರ ಮನಿ ಇದ್ದ ಮುಸಲ್ಮಾನ ಮುದುಕ. ನನಗ ಗಿಡ ಹತ್ತೋದು ಕಲಿಸಿದಾವ ಅವನ. ಬರಿಗಾಲು, ನಡಕ್ಕ ಹಗ್ಗ, ಹೆಗಲಿಗೆ ಕೊಡಲಿ, ಅಷ್ಟ ನಮ್ಮ ಸಾಮಾನು. ಹತ್ತೋ ಮುಂದ ಗಿಡಕ್ಕ ಕೈ ಹಚ್ಚಿ, “ಹತ್ತತೀನವ್ವಾ, ಸಿಟ್ಟಾಗಬ್ಯಾಡ” ಅಂತ ಕೇಳಬೇಕು. ಅದು ನಮ್ಮ ಗ್ಯಾಂಗಿನ ರಿವಾಜು. ಮನ್ಯಾಗ ಬರೇ ದಖನಿ ಮಾತಾಡೋ ಚಾಚಾನೂ ಗಿಡಕ್ಕ ಮಾತ್ರ ಕನ್ನಡದಾಗ ಕೇಳ್ತಿದ್ದ. “ಯಾಕ ಚಾಚಾ?” ಅಂದ್ರ, “ಇಲ್ಲೇ ಹುಟ್ಟಿ ಬೆಳೆದ ಗಿಡ ಬೇಟಾ, ಅದಕ್ಕ ಉರ್ದು ಬರ್ತದೋ ಇಲ್ಲೋ” ಅಂತಿದ್ದ.

ನಿಜಾಮರ ಆಳಿಕಿ ಮುಗದು ಹೊಸ ಸರ್ಕಾರ ಬಂದಿತ್ತು. ಗದ್ದಲದಾಗ ಹೆದರಿದ ಮಂದಿ ಒಬ್ಬರ ಮಗ್ಗುಲಕ್ಕ ಒಬ್ಬರು ಕುಂದ್ರಾಕ ಇನ್ನಾ ಹಿಂದ ಮುಂದ ನೋಡ್ತಿದ್ರು. ಹುಮನಾಬಾದ ನಾಕಾದಾಗಿನ ಬೇವಿನ ಗಿಡದ ಕೆಳಗ ಮಾತ್ರ ಆ ಅಂಜಿಕಿ ಇರಲಿಲ್ಲ. ಅಲ್ಲಿ ಎಲ್ಲರೂ ಆಯಿ ಅಂತ ಕರಿಯೋ ಹೆಣ್ಣುಮಗಳು ಒಬ್ಬಾಕಿ ಚಹಾ, ಭಜಿ ಮಾರೋ ಒಲಿ ಹೂಡಿದ್ಲು. ಗಂಡ ಹೋದ ಮ್ಯಾಲ ಆಕಿಗೆ ಆ ಒಲಿನ ಗತಿ, ಆ ಒಲಿಗೆ ಆ ನೆರಳ ಗತಿ. ಗಾಡಿಯವರು, ಅಂಗಡಿಯವರು, ನಮಾಜ್ ಮುಗಿಸಿ ಬಂದವರು, ಗುಡಿಯಿಂದ ಬಂದವರು, ಎಲ್ಲರೂ ಅಲ್ಲೇ ಕುಂತು ಆಕಿ ಕೈಲೆ ಬೈಸಿಕೊಂಡು ಚಹಾ ಕುಡದು ಹೋಗ್ತಿದ್ರು. ಆ ವರ್ಷ ಆ ಗಿಡನ ಹೋಗೋದಿತ್ತು. ಯಾಕ, ಹ್ಯಾಂಗ ಅಂತ ಹೇಳ್ತೀನಿ ಕೇಳ್ರಿ.

ಕಾಲಿಗೆ ಮುಳ್ಳು

ನಮ್ಮ ಗ್ಯಾಂಗಿಗೆ ಹೊಸ ಜಮಾದಾರ ಒಬ್ಬ ಬಂದ. ಮೊದಲ ತಾರಿನ ಕಂಬ ಹತ್ತೋ ಕೆಲಸದಾಗ ಇದ್ದಾವ. ಮೀಸಿ ಭರ್ಜರಿ, ಮನಸು ಮೆತ್ತಗ, ಹಟ ಮಾತ್ರ ಕಬ್ಬಿಣ. ಚೀಲದಾಗಿಂದ ಒಂದು ಜೋಡಿ ಸಾಮಾನು ತಗದ. ಕಾಲಿಗೆ ತೊಗಲಿನ ಪಟ್ಟಿಲೆ ಬಿಗಿಯೋ ಕಬ್ಬಿಣ, ಪಾದದ ಒಳಮಗ್ಗುಲಿಗೆ ಚೂಪನ ಮುಳ್ಳು. ಕಂಬಕ್ಕ ಒದ್ದ್ರ ಕಚ್ಚಿಕೊಂಡು ನಿಲ್ಲತದ, ಕಾಲು ಜಾರಂಗಿಲ್ಲ.

“ನಿಮ್ಮ ಹಗ್ಗ ಗಿಗ್ಗ ಎಲ್ಲ ಕಟ್ಟಿ ಇಡ್ರಿ. ಇನ್ನ ಮ್ಯಾಲ ಇದ” ಅಂದ.

“ಸಾಹೇಬ್ರ, ಕಂಬ ಸತ್ತ ಕಟ್ಟಿಗಿರಿ. ಇದು ಜೀವಂತ ಗಿಡ. ಮೈತುಂಬ ತೂತು ಬೀಳ್ತಾವ” ಅಂದೆ.

“ಇಷ್ಟು ದಪ್ಪ ಗಿಡಕ್ಕ ಇಷ್ಟು ಸಣ್ಣ ಮುಳ್ಳು ಏನು ಮಾಡ್ತದೋ ಮಾರಾಯಾ?”

ಆಯಿಯ ಬೇವಿನ ಗಿಡಾನ ಮೊದಲ ಸಿಕ್ಕಿತು ಅವನಿಗೆ. ಟಪ್ ಟಪ್ ಅಂತ ಒದಕೊಂಡು ನೋಡನೋಡೂದರಾಗ ಮ್ಯಾಲ ಹೋದ. ಸುಳ್ಳು ಯಾಕ ಹೇಳ್ಲಿ, ನನಗೂ ಬೆರಗಾತು. ಮ್ಯಾಲ ಮುಟ್ಟಿದ ಕೂಡಲೆ ಒಂದು ಕಾಲಿನ ಪಟ್ಟಿ ಪಟ್ ಅಂತ ಹರೀತು, ಮುಳ್ಳು ಕೆಳಗ ಬಂದು ಭಜಿ ಬುಟ್ಟ್ಯಾಗ ಬಿತ್ತು. ಜಮಾದಾರ ಟೊಂಗಿ ತಬ್ಬಿಕೊಂಡು ಕುಂತ. ಚಾಚಾ ಹಗ್ಗ ಒಗದ, ಆ ಹಗ್ಗ ಹಿಡಕೊಂಡು ಗಾಳ್ಯಾಗ ತೂಗಕೋತ, ಗಿಡಕ್ಕ ಕಾಲು ಹಚ್ಚದ ಕೆಳಗ ಇಳದ. ಗಿಡದ ಮೈಮ್ಯಾಲ ಬುಡದಿಂದ ತುದಿತನಕ ಜೋಡಿ ಜೋಡಿ ತೂತು ಹಂಗ ಉಳದ್ವು.

ಆಯಿ ಸೊಂಟದ ಮ್ಯಾಲ ಕೈ ಇಟಕೊಂಡು ನಿಂತಿದ್ಲು. “ಏನೋ ನಿನ್ನ ಮೀಸಿ ಸುಡ್ಲಿ! ನನ್ನ ಗಿಡ ನಿನಗ ಏನು ಮಾಡಿತ್ತೋ?”

“ಆಯಿ, ಗಿಡಕ್ಕ ನೋವು ಗೀವು ಇರಂಗಿಲ್ಲ.”

ಆಯಿ ಸಾವಕಾಶ ಚೀಲ ಹೊಲಿಯೋ ದಬ್ಬಣ ಹುಡುಕಿ ತಗದ್ಲು. “ಹೌದೇನು? ಬಾ ತಮ್ಮಾ, ಬಗ್ಗಿ ನಿಲ್ಲು. ನನಗೂ ಸ್ವಲ್ಪ ಎತ್ತರ ಹತ್ತೋದದ.”

ನಾರಾಯಣಪುರದ ಹುಣಸಿ

ಬರೇ ಜಮಾದಾರನ್ನ ನಗಾಡಿದ್ರ ದೇವರು ಮೆಚ್ಚಂಗಿಲ್ಲ. ನನ್ನ ಪಾಳಿ ನಾರಾಯಣಪುರದಾಗ ಬಂತು. ಅಲ್ಲಿ ಹಳೇ ಶಿವನ ಗುಡಿ ಹಾದಿಗೆ ಒಂದು ಹುಣಸಿ ಗಿಡ ಪೂರಾ ಒಣಗಿ ನಿಂತಿತ್ತು. ಯಾರ ತಲಿಮ್ಯಾಲರ ಬೀಳೋಕಿಂತ ಮೊದಲ ಇಳಸ್ರಿ ಅಂದ್ರು ಊರವರು.

ನಾನು ಎದಿ ಉಬ್ಬಿಸಿಕೊಂಡು, “ಜಮಾದಾರ ಸಾಹೇಬ್ರ, ನೀವು ಕುಂದ್ರಿ. ಹಗ್ಗದ ಕೆಲಸ ಹ್ಯಾಂಗಿರ್ತದ ನೋಡ್ರಿ” ಅಂತ ಹತ್ತಿದೆ. ನಡು ತನಕ ಚಲೋ ಹೋದೆ. ಕಾಲಿಟ್ಟ ಟೊಂಗಿ ಲಟಕ್ ಅಂತು, ಕೈ ಹಾಕಿದ ಟೊಂಗಿನೂ ಲಟಕ್ ಅಂತು. ಹಗ್ಗ ನಡಕ್ಕ ಸಿಕ್ಕಿ, ನಾನು ಅಲ್ಲೇ ಬಾವ್ಯಾಗ ಇಳಿಬಿಟ್ಟ ಕೊಡದಂಗ ತೂಗಾಡಾಕತ್ತೆ. ಕೆಳಗ ಊರ ಹೆಣ್ಣುಮಕ್ಕಳು ನೀರು ತರೋದು ಬಿಟ್ಟು ನಿಂತ್ರು. ಚಾಚಾ ಬೀಡಿ ಹಚ್ಚಿಕೊಂಡು, “ಬೇಟಾ, ಗಾಳಿ ಹ್ಯಾಂಗದ ಮ್ಯಾಲ?” ಅಂದ.

ಜಮಾದಾರ ಹರಿದ ಪಟ್ಟಿ ಹೊಲಿಸಿ ತಂದಿದ್ದ ಕಾಲ್ಮುಳ್ಳು ಬಿಗದ. ಟಪ್ ಟಪ್ ಅಂತ ನನ್ನ ಮಗ್ಗುಲಕ್ಕ ಬಂದು ನಿಂತ. ಗೋಡಿಗೆ ಮೊಳಿ ಹೊಡದಂಗ ಗಟ್ಟಿ ನಿಂತಿದ್ದ.

“ಈಗ ಹೇಳು ಮುಕಾದಮ, ಕಾಲ್ಮುಳ್ಳು ಚಲೋದೋ ಕೆಟ್ಟದ್ದೋ?”

“ಮೊದಲ ನನ್ನ ಇಳಸ್ರಿ, ಆಮ್ಯಾಲ ಹೇಳ್ತೀನಿ.”

“ಮೊದಲ ಹೇಳು, ಆಮ್ಯಾಲ ಇಳಸ್ತೀನಿ.”

“ಚಲೋದರೀ ಯಪ್ಪಾ, ಸತ್ತ ಗಿಡಕ್ಕ ಇದರಂಥಾದ್ದು ಯಾವುದೂ ಇಲ್ಲ!” ಅಂತ ಊರಿಗೆಲ್ಲ ಕೇಳಂಗ ಒದರಿದೆ. ಇಳಸಿದ. ನೆಲಕ್ಕ ಕಾಲು ಹತ್ತಿದ ಮ್ಯಾಲ ಮತ್ತ ಕೇಳಿದ, “ಜೀವಂತ ಗಿಡಕ್ಕ?”

“ಅದನ್ನ ಹೇಳಿಸಬೇಕಾದ್ರ ನನ್ನ ಮತ್ತೊಮ್ಮೆ ಮ್ಯಾಲ ತೂಗಹಾಕಬೇಕ್ರಿ” ಅಂದೆ.

ಆ ದಿನದಿಂದ ನಮ್ಮಿಬ್ಬರ ನಡುವಿನ ಬಿಗುವು ಸಡಲಾತು. ಒಂದ ಬೀಡಿ ಇಬ್ಬರೂ ಸೇದೋವಷ್ಟು ದೋಸ್ತಿ ಆತು.

ಮುಡಬಿಯ ಮಾತಾಡೋ ಗಿಡ

ಮುಡಬಿಯೊಳಗ ಒಂದು ಆಲದ ಗಿಡ ಸವರೋದಿತ್ತು. ಅಷ್ಟೊತ್ತಿಗೆ ಜಮಾದಾರಗೂ ಹಗ್ಗದ ಮ್ಯಾಲ ಸ್ವಲ್ಪ ಆಸೆ ಹುಟ್ಟಿತ್ತು. “ಒಂದು ಸಲ ಕಲಿಸು ಚಾಚಾ, ನೋಡೇಬಿಡ್ತೀನಿ” ಅಂದ. ಚಾಚಾ ಅವನ ಬೂಟು ಬಿಚ್ಚಿಸಿದ, ನಡಕ್ಕ ಹಗ್ಗ ಕಟ್ಟಿದ. “ಈಗ ಗಿಡಕ್ಕ ಕೈ ಹಚ್ಚಿ ಕೇಳು” ಅಂದ.

“ಏ, ಗಿಡಕ್ಕೇನು ಕೇಳೋದು? ನಗತಾರ ಮಂದಿ.”

“ಕೇಳದ ಹತ್ತಿದ್ರ ನಾ ಹಗ್ಗ ಹಿಡ್ಯಾವಲ್ಲ.”

ಜಮಾದಾರ ಅತ್ತಿತ್ತ ನೋಡಿದ, ನಮ್ಮನ್ನ ಬಿಟ್ರ ಯಾರೂ ಇಲ್ಲ. ನಾಚಿಕೊಂಡು ಕೈ ಹಚ್ಚಿ ಅಂದ, “ಹತ್ತತೀನವ್ವಾ, ಸಿಟ್ಟಾಗಬ್ಯಾಡ.”

“ಹತ್ತಪ್ಪಾ ಹತ್ತು. ಹುಷಾರಾಗಿ ಇಳಿ” ಅಂತ ಗಿಡ ಅಂತು.

ಜಮಾದಾರ ನಡಕ್ಕ ಕಟ್ಟಿದ ಹಗ್ಗದ ಸಮೇತ ಓಡಿದ. ಹಗ್ಗದ ಈ ತುದಿ ನನ್ನ ಕೈಯಾಗ ಇತ್ತು, ನಾನೂ ಅವನ ಹಿಂದ ಜಗ್ಗಿಸಿಕೊಂಡು ಹೋದೆ. ಕಡೀಕ ಹೊಲದ ಬದುವಿನ್ಯಾಗ ಇಬ್ಬರೂ ಬಿದ್ವಿ. ಹೊಳ್ಳಿ ನೋಡಿದ್ರ ಗಿಡದ ಆ ಕಡೆ, ಬೇರಿನ ಸಂದ್ಯಾಗ ಕುಂತು ರೊಟ್ಟಿ ತಿನ್ನಾಕತ್ತಿದ್ದ ಅಜ್ಜಿ ಒಬ್ಬಾಕಿ ಹೊರಗ ಬಂದ್ಲು. ಆಕಿಗೆ ಭಾಳ ಬ್ಯಾಸರ ಆಗಿತ್ತು. “ಇಷ್ಟು ಮರ್ಯಾದಿಲೆ ಕೇಳಿದ, ಒಳ್ಳೆ ಮನಸಿಲೆ ಹೇಳಿದೆ. ಓಡಿ ಹೋದ ನೋಡಪ್ಪಾ, ಕೇಳೋದ್ಯಾಕ ಮತ್ತ?” ಅಂದ್ಲು.

ಆದರೂ ಅವತ್ತು ಜಮಾದಾರ ಆಲದ ಗಿಡ ಹತ್ತಿದ. ಇಳದು ಬಂದು ತನ್ನ ಅಂಗಾಲು ನೋಡಿಕೊಂಡು, “ಬರಿಗಾಲಿಗೆ ಗಿಡ ಬೆಚ್ಚಗ ಹತ್ತತದಲ್ಲೋ ಮುಕಾದಮ. ಕಂಬ ಹಂಗಿರಂಗಿಲ್ಲ” ಅಂದ. ನನಗ ಅವನ ಮ್ಯಾಲ ಅವತ್ತ ಪ್ರೀತಿ ಹುಟ್ಟಿತು ಅಂತ ಬಾಯಿಬಿಟ್ಟು ಹೇಳ್ತೀನಿ.

ಇಳದ ಹೆಜ್ಜಿ

ನಾವು ಹುಮನಾಬಾದಿಗೆ ಹೊಳ್ಳಿ ಬರೋದರಾಗ ಆಯಿಯ ಗಿಡಕ್ಕ ಕಾಲ ಬಂದಿತ್ತು. ಜಮಾದಾರನ ತೂತಿನಿಂದ ಅಂಟು ಸೋರಿ ಸೋರಿ ಗಿಡದ ಮೈಯೆಲ್ಲಾ ಕಂದು ಹರಳು. ಹಾದು ಹೋಗೋ ಮುಂದ ಸಡಕಿನ ಖಾತೆಯ ದೊಡ್ಡ ಸಾಹೇಬ್ರು ಜೀಪಿನಾಗಿಂದ ನೋಡಿ, “ಗಿಡ ಒಳಗಿಂದ ಕೊಳತದ. ಮಳಿಗಾಲದಾಗ ಸಡಕಿನ ಮ್ಯಾಲ ಬೀಳ್ತದ, ಕಡದು ಹಾಕ್ರಿ” ಅಂತ ಹುಕುಂ ಮಾಡಿದ್ರು. ಕಡಿಯೋರು ಗರಗಸ ತಗೊಂಡು ಬಂದಿದ್ರು, ಸಾಹೇಬ್ರು ಖುದ್ದು ನಿಂತಿದ್ರು. ಆಯಿ ಒಲಿ ಆರಿಸಿ, ಕೆಟಲಿ ಮಡಲಾಗ ಇಟಕೊಂಡು ಕುಂತಿದ್ಲು. ಆಕಿ ಬೈಲಿಲ್ಲ ಅನ್ನೋದ ನನಗ ಭಾಳ ಸಂಕಟ ಆತು.

ಆದ್ರ ಗರಗಸ ಹಚ್ಚಾಕ ಜಾಗಾನ ಇರಲಿಲ್ಲ. ಗಿಡದ ಸುತ್ತ ಮಂದಿ. ತೂತು ತೂತಿಗೆ ಅರಿಶಿಣ, ಕುಂಕುಮ. ಹೂ ಮಾರೋ ಅಜ್ಜಿ ಕೈ ಮುಗದು ಹೇಳಿದ್ಲು, “ಸಾಹೇಬ್ರ, ದೇವಿ ಗಿಡ ಹತ್ಯಾಳ್ರಿ. ನೋಡ್ರಿ ಹೆಜ್ಜಿ, ಜೋಡಿ ಜೋಡಿ, ಬುಡದಿಂದ ತುದಿತನಕ.”

ಸಾಹೇಬ್ರು ಶಾಣ್ಯಾ ಮನಿಷ್ಯಾ, ಜಗಳ ತಗೀಲಿಲ್ಲ. “ಹತ್ತಿರಬೇಕವ್ವಾ. ಹತ್ತಿದಾಕಿ ಇಳದು ಹೋಗಿರ್ತಾಳ. ಈಗ ಕಡಿಯೋಣಲ್ಲ?”

“ಇಳದ ಹೆಜ್ಜಿ ಎಲ್ಲಿ ಅದಾವ್ರಿ?” ಅಂದ್ಲು ಅಜ್ಜಿ.

ಸಾಹೇಬ್ರು ಇಳದ ಹೆಜ್ಜಿ ಹುಡುಕಾಕ ಗಿಡದ ಸುತ್ತ ಹೊಂಟ್ರು. ಸೆಖಿಗೆ ತಲಿಮ್ಯಾಲಿನ ಟೊಪ್ಪಿಗಿ ತಗದು ಕೈಯಾಗ ಹಿಡಕೊಂಡಿದ್ರು. ಮಂದಿಗೆ ಅಷ್ಟ ಸಾಕಾತು. ಸಾಹೇಬ್ರು ಪ್ರದಕ್ಷಿಣಿ ಹಾಕಾಕತ್ತಾರ ಅಂತ ಎಲ್ಲರೂ ಕೈ ಮುಗಕೊಂಡು ಹಿಂದ ಹೊಂಟ್ರು. ಸಾಹೇಬ್ರು ನಿಂತ್ರ ಮಂದಿ ನಿಲ್ಲತಿದ್ರು, ಬಗ್ಗಿದ್ರ ಬಗ್ಗತಿದ್ರು. ಗರಗಸದವರೂ ಗರಗಸ ಹೆಗಲಿಗೆ ಹಾಕಿಕೊಂಡು ಸುತ್ತಾಕತ್ತಿದ್ರು. ಎಷ್ಟು ಸುತ್ತಿದ್ರೂ ಇಳದ ಹೆಜ್ಜಿ ಒಂದೂ ಸಿಗಲಿಲ್ಲ. ಚಾಚಾ ಮುಖ ಆ ಕಡೆ ತಿರುಗಿಸಿ ಹೆಗಲು ಕುಣಿಸಿಕೋತ ನಗತಿದ್ದ.

ಜಮಾದಾರ ಮಾತ್ರ ನಗಲಿಲ್ಲ. ಆಯಿ ಮಡಲಾಗಿನ ಕೆಟಲಿನ ನೋಡ್ತಿದ್ದ. ಆಮ್ಯಾಲ ಮಂದಿ ಸೀಳಿಕೊಂಡು ಮುಂದ ಬಂದ, ಚೀಲದಾಗಿಂದ ಕಾಲ್ಮುಳ್ಳು ತಗದು ಸಾಹೇಬ್ರ ಮುಂದ ಇಟ್ಟ.

“ಸಾಹೇಬ್ರ, ಹತ್ತಿದಾವ ನಾನ್ರಿ. ಇದ ಮುಳ್ಳು, ಇವ ತೂತು, ಹಚ್ಚಿ ನೋಡ್ರಿ. ಗಿಡ ಒಳಗಿಂದ ಕೊಳತಿಲ್ಲ, ನಾ ಚುಚ್ಚಿದ್ದಕ್ಕ ಅಂಟು ಬಂದದ. ಶಿಕ್ಷಾ ಕೊಡೋದಿದ್ರ ನನಗ ಕೊಡ್ರಿ, ಗಿಡ ಕಡೀಬ್ಯಾಡ್ರಿ.”

ಇವನ ನೌಕರಿ ಹೋತು ಅಂತ ತಿಳಕೊಂಡೆ. ಸಾಹೇಬ್ರು ಮುಳ್ಳು ಎತ್ತಿ ತೂತಿಗೆ ಹಚ್ಚಿದ್ರು. ಸರಿಯಾಗಿ ಕುಂತಿತು. ಚಾಕುಲೆ ಬುಡದ ತೊಗಟಿ ಕೆರೆದು ನೋಡಿದ್ರು, ಒಳಗ ಹಸರು, ಹಸಿ. ಟೊಪ್ಪಿಗಿ ತಲಿಮ್ಯಾಲ ಇಟಕೊಂಡ್ರು.

“ಮತ್ತ ನೀ ಇಳದ ಹೆಜ್ಜಿ ಎಲ್ಲೋ?”

“ಪಟ್ಟಿ ಹರೀತ್ರಿ. ಚಾಚಾನ ಹಗ್ಗದಾಗ ಇಳದೆ.”

“ಹಂಗಾದ್ರ ಇನ್ನ ಮ್ಯಾಲ ಹತ್ತೋದೂ ಹಗ್ಗದಾಗ ಹತ್ತು. ಮುಳ್ಳು ಒಣಗಿದ ಗಿಡಕ್ಕ ಇಟಕೋ, ಹಸಿ ಗಿಡಕ್ಕ ಮುಟ್ಟಿಸಬ್ಯಾಡ. ಈ ಗಿಡದ್ದು ತಂತಿಗೆ ತಾಗೋ ಟೊಂಗಿ ಅಷ್ಟ ಸವರ್ರಿ” ಅಂದ್ರು ಸಾಹೇಬ್ರು. ಆಮ್ಯಾಲ ಮಂದಿ ಕಡೆ ತಿರುಗಿ, “ಕೇಳಿದ್ರಿಲ್ಲ? ಹತ್ತಿದಾವ ನಮ್ಮ ಜಮಾದಾರ, ದೇವಿ ಅಲ್ಲ. ಇನ್ನ ಮನಿಗೆ ನಡೀರಿ.”

ಹೂ ಮಾರೋ ಅಜ್ಜಿ ಕತ್ತು ಎತ್ತಿ ಗಿಡದ ತುದಿ ನೋಡಿದ್ಲು. “ಖರೇ ಅದರಿ. ಇಂವ ಹತ್ತಿದಾವ, ಇಂವ ಇಳದಾನ. ದೇವಿ ಮಾತ್ರ ಇನ್ನಾ ಇಳದಿಲ್ಲ” ಅಂದ್ಲು.

ಆಯಿ ಆಗ ನಕ್ಕಳು. ನಕ್ಕೋತ ಒಲಿ ಹಚ್ಚಿದ್ಲು. ಜಮಾದಾರ ಬೂಟು ಕಳದು, ಗಿಡಕ್ಕ ಕೈ ಹಚ್ಚಿ, ಊರ ಮಂದಿ ಮುಂದನ ನಾಚದ ಕೇಳಿದ, “ಹತ್ತತೀನವ್ವಾ, ಸಿಟ್ಟಾಗಬ್ಯಾಡ.” ಕೇಳಿ, ಗಿಡದ ಹಿಂದ ಒಮ್ಮೆ ಇಣಿಕಿ ನೋಡಿ ಹತ್ತಿದ.

ಮಳಿ ಬಂತು. ತೂತಿನ ಬಾಯಿ ಒಂದೊಂದ ಮುಚ್ಚಿಕೋತ ಬಂದು ಮೈಮ್ಯಾಲ ಗಂಟು ಅಷ್ಟ ಉಳದ್ವು, ಸವರಿದ ಕಡೆ ಕೆಂಪನ ಚಿಗುರು ಒಡೀತು. ನೆರಳು ಮೊದಲಿನಕಿಂತ ಅಗಲಾತು, ಕುಂದ್ರೋ ಮಂದಿನೂ ಹೆಚ್ಚಾದ್ರು. ಜಮಾದಾರಗ ಆಯಿ ಒಲಿ ಮುಂದ ಒಂದು ಕಾಯಂ ಜಾಗಾ ಆತು; ಆದ್ರ ದಬ್ಬಣ ಇದ್ದ ಕಡೆಯಿಂದ ಸ್ವಲ್ಪ ದೂರ ಕುಂದ್ರುತಿದ್ದ. ದೊಡ್ಡ ಸಾಹೇಬ್ರೂ ಹುಮನಾಬಾದ ದಾಟೋ ಮುಂದ ಜೀಪು ನಿಲ್ಲಿಸಿ ಚಹಾ ಕುಡೀತಿದ್ರು. ಕುಂತ ಕೂಡಲೆ ಒಮ್ಮೆ ಮ್ಯಾಲ ನೋಡಿ ಸಣ್ಣ ದನಿಲೆ ಕೇಳ್ತಿದ್ರು, “ಆಯಿ, ಇಳದಳೇನ?”

ಆಯಿ ಚಹಾ ಸೋಸಿಕೋತ ಹೇಳ್ತಿದ್ಲು, “ಇಲ್ರಿ ಸಾಹೇಬ್ರ. ನಿಮ್ಮಂಗ ಆಕಿಗೂ ನೆರಳು ಹಿಡಸೇದ, ಕುಂತುಬಿಟ್ಟಾಳ.”