ತಾರಸಿಗೆ ಬರಬೇಕಿದ್ದ ಅತಿಥಿ

ಸುಂಟಿಕೊಪ್ಪದ ಹತ್ತಿರದ ಆ ಎಸ್ಟೇಟಿನಲ್ಲಿ ಬೆಳಿಗ್ಗೆ ಬಿದ್ದದ್ದು ನಾಲ್ಕೇ ಹನಿ ಮಳೆ. ಆದರೆ ಜನವರಿ ಕೊನೆಯಲ್ಲಿ, ಕಣದ ತುಂಬ ಕಾಫಿಯೂ ಮೆಣಸೂ ಒಣಗುತ್ತಿರುವಾಗ, ನಾಲ್ಕು ಹನಿ ಸಾಕು. ಜನ ಮನೆಗೆ ಬೆಂಕಿ ಬಿದ್ದವರಂತೆ ಓಡುತ್ತಾರೆ. ಟಾರ್ಪಾಲು, ಕಂಬಳಿ, ತೊಟ್ಟಿಲ ರಬ್ಬರ್ ಶೀಟು, ಕೈಗೆ ಸಿಕ್ಕಿದ್ದೆಲ್ಲ ಕಣಕ್ಕೆ ಬರುತ್ತದೆ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇರಪ್ಪ ಸ್ನಾನ ಮುಗಿಸಿ ತಾರಸಿ ಹತ್ತಿದಾಗ ಅಲ್ಲಿನ ಮರದ ಚೌಕಟ್ಟು ಹಲ್ಲು ಕಿತ್ತ ಬಾಯಿಯಂತೆ ಖಾಲಿಯಾಗಿ ಆಕಳಿಸುತ್ತಿತ್ತು.

ಅದರಲ್ಲಿ ನಿನ್ನೆಯವರೆಗೆ ಮೊರದಗಲದ ಆರು ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಮಲಗಿದ್ದವು. ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ವಿಜ್ಞಾನಿ ಕಾವ್ಯಶ್ರೀ ಬಂದು ಅವನ್ನು ಇಟ್ಟು ಹೋಗಿದ್ದರು. ಅಯಸ್ಕಾಂತವನ್ನು ಎಷ್ಟು ಸಲ ಮುರಿದರೂ ಪ್ರತಿ ಚೂರಿಗೂ ಉತ್ತರ, ದಕ್ಷಿಣ ಎರಡೂ ಇರುತ್ತವೆ. ಆದರೆ ಒಂದೇ ಧ್ರುವದ ಕಣವೊಂದು ಜಗತ್ತು ಹುಟ್ಟಿದಂದಿನಿಂದ ಒಂಟಿಯಾಗಿ ಅಲೆಯುತ್ತಿರಬಹುದಂತೆ. ಯಾರೂ ಅದನ್ನು ಹಿಡಿದಿಲ್ಲ. ಅದು ಈ ಹಾಳೆಗಳ ಮೂಲಕ ಹಾದುಹೋದರೆ ಕಣ್ಣಿಗೆ ಕಾಣದ ಒಂದು ಗಾಯ ಮಾಡಿ ಹೋಗುತ್ತದೆ.

"ನೀವು ಮುಟ್ಟಬೇಡಿ. ಕಾದ್ರೆ ಸಾಕು," ಎಂದಿದ್ದರು ಕಾವ್ಯಶ್ರೀ.

ನಲವತ್ತೇಳರ ಅವಿವಾಹಿತ ದೇರಪ್ಪನಿಗೆ ಕಾಯುವುದು ಹೊಸದಲ್ಲ. ಯಾರಿಗಾಗಿ ಎಂಬುದು ಮಾತ್ರ ಅವನಿಗೆ ಆವತ್ತು ಮೊದಲ ಸಲ ಗೊತ್ತಾಯಿತು. ಅಂದಿನಿಂದ ಪ್ರತಿ ಸಂಜೆ ಕಾಫಿ ಲೋಟ ಹಿಡಿದು ಚೌಕಟ್ಟಿನ ಪಕ್ಕ ಕೂರುತ್ತಿದ್ದ. ನೆಂಟರ ಮದುವೆಗೆ ಹೋದರೂ ಕತ್ತಲಾಗುವ ಮೊದಲು ವಾಪಸಾಗುತ್ತಿದ್ದ. ಅಷ್ಟು ದೂರದಿಂದ ಬರುವ ಒಂಟಿ ಜೀವ. ಬಂದಾಗ ಮನೆಯಲ್ಲಿ ಯಾರೂ ಇರದಿದ್ದರೆ ಏನಂದುಕೊಂಡೀತು?

ಇವತ್ತು ಮಧ್ಯಾಹ್ನ ಕಾವ್ಯಶ್ರೀ ಹಾಳೆಗಳನ್ನು ಒಯ್ಯಲು ಬರುವವರಿದ್ದರು.

ದೇರಪ್ಪ ಬರಿಗಾಲಲ್ಲೇ ಓಡಿದ. ಪಕ್ಕದ ಮನೆಯ ಬೋಜಮ್ಮನ ಅಂಗಳದಲ್ಲಿ ಆರು ಮೊರ ಮೆಣಸು, ಮೇಲೆ ಆರು ಹಾಳೆ. ಒಂದರ ಮೇಲೆ ಕೋಳಿಯೊಂದು ಪಂಚಾಯ್ತಿ ಅಧ್ಯಕ್ಷರ ಗತ್ತಿನಲ್ಲಿ ಕೂತಿತ್ತು.

"ಬೋಜಕ್ಕ! ಇದನ್ನ ಮುಟ್ಟಬಾರದು ಅಂತ ಎಷ್ಟು ಸಲ ಹೇಳಿದ್ದೆ!"

"ನಾನೆಲ್ಲಿ ಮುಟ್ಟಿದ್ದು ಮಾರಾಯ? ಏಣಿ ಹತ್ತಿ ತಂದದ್ದು ಈ ಚಿನ್ನ. ಕೂತದ್ದು ಕೋಳಿ."

ಪಕ್ಕದಲ್ಲೇ ನಿಂತಿದ್ದ ವೆಲ್ಡಿಂಗ್ ಶಾಪಿನ ಚಿನ್ನ ಹಲ್ಲು ಕಿರಿದ. "ಎಮರ್ಜೆನ್ಸಿ ಅಲ್ವಾ ಸಾರ್. ಅಕ್ಕ ಕೂಗಿದ್ರು, ನಾನು ಹಾರಿದೆ."

ಹಾಳೆಗಳ ಮೇಲೆ ಮೆಣಸಿನ ಕಲೆ, ಕೆಸರು, ಕೋಳಿಯ ಸಹಿ. ದೇರಪ್ಪ ಕಟ್ಟೆಯ ಮೇಲೆ ಕುಸಿದ. "ನಾಲ್ಕು ವರ್ಷ ಅಕ್ಕ. ಒಂದು ವೇಳೆ ಅದು ಬಂದು ಹೋಗಿದ್ರೆ?"

"ನಾಲ್ಕು ವರ್ಷ ಹುಡುಗಿಗೆ ಕಾದಿದ್ರೆ ಈಗ ಮಗು ಅಂಗನವಾಡಿಗೆ ಹೋಗ್ತಿತ್ತು," ಎಂದಳು ಬೋಜಮ್ಮ. ಆದರೆ ಅವನ ಮುಖ ನೋಡಿ ಅವಳ ದನಿ ಇಳಿಯಿತು. "ಅಳಬೇಡ. ಕಲೆ ತೆಗೆಯೋದು ನನ್ನ ಕೆಲಸ. ನೀನು ಹೋಗಿ ಆ ಮೇಡಂಗೆ ಫೋನ್ ಮಾಡು. ಸುಳ್ಳು ಹೇಳು, ಕಾಡಾನೆ ಬಂದಿತ್ತು ಅಂತ."

"ತಾರಸಿಗಾ?"

"ಬೆಂಗಳೂರಿನವರಿಗೆ ಗೊತ್ತಾಗಲ್ಲ."

ಎಸ್ಟೇಟಿನಲ್ಲಿ ನೆಟ್‌ವರ್ಕ್ ಸಿಗುವುದು ಬಸ್ ಸ್ಟಾಪಿನ ಹಿಂದಿನ ದಿಬ್ಬದಲ್ಲಿ ಮಾತ್ರ. ದೇರಪ್ಪ ಅಲ್ಲಿ ನಿಂತು ತಪ್ಪೊಪ್ಪಿಗೆಯನ್ನು ಕಂಠಪಾಠ ಮಾಡಿದ. 'ಮೇಡಂ, ಒಂದು ಅಚಾತುರ್ಯ...' ಇವತ್ತು ಅಲ್ಲೂ ಫೋನು ಹತ್ತಲಿಲ್ಲ. ಕಾಡಾನೆಯ ಯೋಚನೆ ಒಮ್ಮೆ ಮನಸ್ಸಿಗೆ ಬಂತು, ನಾಚಿಕೆಯಾಗಿ ಅಟ್ಟಿಬಿಟ್ಟ. ಬಿಸಿಲೇರುವ ತನಕ ಫೋನನ್ನು ಆಕಾಶಕ್ಕೆ ಆರತಿಯಂತೆ ಎತ್ತಿ ಇಳಿಸಿ, ಕೊನೆಗೆ ಬರಿಗೈಯಲ್ಲಿ ಇಳಿದು ಬಂದ.

ಬಂದು ನೋಡಿದರೆ ಹಾಳೆಗಳು ಹೊಸ ಕನ್ನಡಕದಂತೆ ಹೊಳೆಯುತ್ತಿದ್ದವು! ಆರೂ ಮೊದಲಿನಂತೆ ಒಂದರ ಮೇಲೊಂದು ಕೂತಿದ್ದವು. ಒಂದು ಪಕ್ಕದಲ್ಲಿ ಮಾತ್ರ ಹೆಬ್ಬೆರಳಿನಷ್ಟು ದಪ್ಪದ ಬೋಲ್ಟು.

"ಸೋಪು ಮಾಡುವ ಹಂಡೆಗೆ ಕಾಸ್ಟಿಕ್ ಸೋಡಾ ಹಾಕಿ ಚೆನ್ನಾಗಿ ಬೇಯಿಸಿದೆ," ಎಂದಳು ಬೋಜಮ್ಮ. "ಕಲೆಯಲ್ಲ, ಪಾಪವೂ ಹೋಗಿರ್ತದೆ."

"ಮೂಲೆ ಕತ್ತರಿಸಿದ ಗುರುತು ನೋಡಿ ಕರೆಕ್ಟಾಗಿ ಜೋಡಿಸಿದ್ದು ನಾನು ಸಾರ್," ಎಂದ ಚಿನ್ನ.

ದೇರಪ್ಪ ಬೋಲ್ಟಿನ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು.

ಕಾವ್ಯಶ್ರೀ ಕಾರಿಂದ ಇಳಿಯುವ ಮೊದಲೇ ಅವನು ಎಲ್ಲವನ್ನೂ ಹೇಳಿಬಿಟ್ಟ. ಮಳೆ, ಮೆಣಸು, ಕೋಳಿ, ಹಂಡೆ, ಸೋಡಾ. ಹೇಳದೆ ಉಳಿದ ಕಾಡಾನೆಯ ಸುಳ್ಳಿಗೂ ಕ್ಷಮೆ ಕೇಳಿದ.

ಕಾವ್ಯಶ್ರೀ ನಕ್ಕರು. "ಗಾಬರಿ ಬೇಡ ದೇರಪ್ಪನವರೇ. ಲ್ಯಾಬಲ್ಲಿ ನಾವೂ ಇದನ್ನೇ ಮಾಡೋದು. ಬಿಸಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದ್ರೆ ಆ ಕಾಣದ ಗಾಯ ಬೆಳೆದು ತೂತಾಗುತ್ತೆ. ನಿಮ್ಮ ಅಕ್ಕ ನಮ್ಮ ಅರ್ಧ ಕೆಲಸ ಮುಗಿಸಿದ್ದಾರೆ."

ಬೋಜಮ್ಮ ಸೆರಗು ಸರಿಮಾಡಿಕೊಂಡು ಇಡೀ ಲೈನ್ ಮನೆಗಳ ಸಾಲಿನ ಕಡೆಗೆ ಒಮ್ಮೆ ನೋಡಿದಳು. ದೇರಪ್ಪನ ಎದೆ ಹಗುರಾಯಿತು. "ಅಂದ್ರೆ ಅದು ಬಂದಿದ್ರೆ ಈಗಲೇ ಕಾಣ್ತದಾ ಮೇಡಂ?"

"ಆರು ಹಾಳೆಯಲ್ಲೂ ಒಂದೇ ನೇರಕ್ಕೆ, ಸೂಜಿ ಮೊನೆಯಷ್ಟು ತೂತು. ಅಂಥದ್ದೊಂದನ್ನ ನೋಡೋಕೆ ನಾನು ಹದಿನೈದು ವರ್ಷದಿಂದ ಬೆಟ್ಟ ಬೆಟ್ಟ ಅಲೀತಿದ್ದೀನಿ." ಅವರು ಹಾಳೆಗಳನ್ನು ಬಿಸಿಲಿಗೆ ಹಿಡಿದರು. ಎಲ್ಲಿಯೂ ಏನೂ ಇರಲಿಲ್ಲ. "ಈ ಬೋಲ್ಟ್ ಯಾರು ಹಾಕಿದ್ದು?"

ಚಿನ್ನ ಎದೆಯುಬ್ಬಿಸಿ ಮುಂದೆ ಬಂದ. "ನಾನೇ ಮೇಡಂ. ಇನ್ನು ಗಾಳಿ ಬಂದ್ರೂ ಕೋಳಿ ಬಂದ್ರೂ ಒಂದು ಹಾಳೆ ಆಚೆ ಹೋಗಲ್ಲ. ಕಷ್ಟವೂ ಆಗಲಿಲ್ಲ. ಹಂಡೆಯಿಂದ ತೆಗೆದಾಗ ಆರರಲ್ಲೂ ಸಣ್ಣ ತೂತು ಮೊದಲೇ ಇತ್ತು, ಒಂದೇ ನೇರಕ್ಕೆ. ನಾನು ಡ್ರಿಲ್ ಬಿಟ್ಟು ದೊಡ್ಡದು ಮಾಡಿದೆ, ಅಷ್ಟೇ."



ಕಾವ್ಯಶ್ರೀ ನಿಧಾನವಾಗಿ ಮೆಟ್ಟಿಲ ಮೇಲೆ ಕೂತರು. ದೇರಪ್ಪ ಅವರ ಪಕ್ಕ, ಒಂದು ಮೆಟ್ಟಿಲು ಕೆಳಗೆ ಕೂತ. ಬೋಲ್ಟನ್ನೇ ನೋಡುತ್ತ ಕೇಳಿದ:

"ಬಂದಿತ್ತಾ ಮೇಡಂ?"

"ಗೊತ್ತಿಲ್ಲ. ಬೋಲ್ಟ್ ಹಾಕಿದ ತೂತು ತೋರಿಸಿದ್ರೆ ಯಾರು ನಂಬ್ತಾರೆ?"

ಯಾವ ಸಂಜೆ ಬಂದಿರಬಹುದು ಎಂದು ದೇರಪ್ಪ ಯೋಚಿಸಿದ. ತಾನು ಪಕ್ಕದಲ್ಲೇ ಕೂತಿದ್ದಿರಬಹುದು. ಕಾಫಿ ಆರಿಸಿಕೊಳ್ಳುತ್ತ ಬೇರೆಲ್ಲೋ ನೋಡುತ್ತಿದ್ದಿರಬಹುದು. ಅವನು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬೋಲ್ಟನ್ನು ತಿರುಗಿಸಲು ಹೊರಟ. ತೂತಿನ ಅಂಚಿನಲ್ಲಾದರೂ ಅದರ ಒಂದು ಗೀರು ಉಳಿದಿರಬಹುದಲ್ಲ.

"ಬರಲ್ಲ ಸಾರ್," ಎಂದ ಚಿನ್ನ, ಸಮಾಧಾನ ಹೇಳುವ ದನಿಯಲ್ಲಿ. "ಒಳಗೆಲ್ಲ ಅಂಟು ತುಂಬಿದ್ದೇನೆ. ನಿಮ್ಮ ಕೆಲಸ ಅಂತ ಸ್ಪೆಷಲ್ಲಾಗಿ ಮಾಡಿದ್ದು. ಈ ಜನ್ಮದಲ್ಲಿ ಬಿಚ್ಚಲ್ಲ."