ಹನ್ನೊಂದನೇ ಹಾಸಿಗೆಯ ಮುನ್ನುಡಿ

“ಅಲ್ಲಯ್ಯಾ, ನಿನ್ನ ಪುಸ್ತಕದಲ್ಲಿ ಉಸಿರಾಡ್ತಾ ಇರೋನು ಒಬ್ಬನಾದ್ರೂ ಇದ್ದಾನಾ, ಇಲ್ಲಾ ಎಲ್ಲರೂ ಗೋಡೆ ಮೇಲಿನ ಫೋಟೋಗಳೇನಾ?” ಎಂದು ಎಕ್ಸ್‌ರೇ ವಿಭಾಗದ ಹಿರಿಯ ಗುಮಾಸ್ತ ಕೇಳಿದ.

“ಒಬ್ಬರಿದ್ದಾರೆ. ಮೂರನೇ ವಾರ್ಡು, ಹನ್ನೊಂದನೇ ಹಾಸಿಗೆ,” ಎಂದ ಎಕ್ಸ್‌ರೇ ತೆಗೆಯುವವನು.

“ಹಾಗಾದ್ರೆ ಇಲ್ಲಿ ಯಾಕೆ ಕೂತಿದ್ದೀಯ? ಅವರ ಎದೆ ಫಿಲ್ಮು ನಿನ್ನೆ ನೀನೇ ತೆಗೆದಿದ್ದಲ್ವಾ?”

ತೆಗೆದಿದ್ದ. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿಯೂ ಇದ್ದ. ಎರಡು ಕಡೆಯೂ ದಿಂಬಿಗೆ ಹತ್ತಿ ತುಂಬಿದ ಹಾಗೆ ಬಿಳುಪು. ಇನ್ನು ಎರಡು ದಿನ, ಹೆಚ್ಚೆಂದರೆ ಮೂರು.

ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ನಾಟಕದಣ್ಣ ಎನ್ನುತ್ತಿದ್ದರು. ಅವನು ಬಣ್ಣ ಹಚ್ಚಿದವನಲ್ಲ, ರಂಗದ ಮೇಲೆ ಕುರ್ಚಿ ಹಾಕಿದವನೂ ಅಲ್ಲ. ಆದರೆ ಇಪ್ಪತ್ತನೇ ಶತಮಾನದ ಹನ್ನೆರಡು ದೊಡ್ಡ ನಾಟಕ ನಿರ್ದೇಶಕರ ಫೋಟೋಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಮಲಗುವ ಕೋಣೆಯ ತುಂಬಾ ಅಂಟಿಸಿದ್ದ. “ಹನ್ನೆರಡು ಜನ ಮಾವಂದಿರ ಎದುರಿಗೆ ಸೀರೆ ಬದಲಾಯಿಸೋ ಹಣೆಬರಹ ನನಗೊಬ್ಬಳಿಗೇ,” ಎಂದು ಅವನ ಹೆಂಡತಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ಹನ್ನೆರಡರಲ್ಲೊಬ್ಬರು, ನಟನಾದವನು ತನ್ನ ನೆನಪುಗಳನ್ನೇ ಅಗೆದು ಪಾತ್ರವಾಗಿ ಬದುಕಬೇಕು ಎಂದವರು. ಇನ್ನೊಬ್ಬರು, ಇದು ನಾಟಕ ಎಂಬುದನ್ನು ನೋಡುವವರು ಅರೆಗಳಿಗೆಯೂ ಮರೆಯಬಾರದು ಎಂದವರು. ಮತ್ತೊಬ್ಬರಿಗೆ ರಂಗದ ಮೇಲೆ ನಟನ ಹೊರತು ಒಂದು ಸ್ಟೂಲೂ ಇರಬಾರದು. ಮೂವರಿಗೂ ಪರಸ್ಪರ ಆಗಿಬರುವುದಿಲ್ಲ ಎಂಬುದು ನಾಟಕದಣ್ಣನ ಭಕ್ತಿಗೆ ಎಂದೂ ಅಡ್ಡಿಯಾಗಿರಲಿಲ್ಲ.

ಹದಿನಾಲ್ಕು ವರ್ಷ ಕೂತು ಅವರ ಬಗ್ಗೆ ಮುನ್ನೂರ ನಲವತ್ತು ಹಾಳೆ ಬರೆದಿದ್ದ. ಪ್ರಕಾಶಕ ಅದನ್ನು ಕೈಯಲ್ಲೇ ತೂಗಿ ನೋಡಿದ್ದ. “ಎಕ್ಸ್‌ರೇ ತೆಗೆಯೋರು ನಾಟಕದ ಬಗ್ಗೆ ಬರೆದ್ರೆ ಯಾರ್ರೀ ಮುಟ್ತಾರೆ? ರಂಗಭೂಮಿಯ ದೊಡ್ಡವರೊಬ್ಬರ ಕೈಲಿ ಎರಡು ಸಾಲು ಮುನ್ನುಡಿ ಬರೆಸಿ, ರುಜು ಹಾಕಿಸಿ ತನ್ನಿ. ಇಲ್ಲದಿದ್ರೆ ಈ ಮೂಟೆ ಮನೆಗೆ ಹೊತ್ಕೊಂಡು ಹೋಗಿ.”

ಅಂಥ ದೊಡ್ಡವರು, ಆ ಹನ್ನೆರಡರಲ್ಲಿ ಬದುಕಿದ್ದ ಒಬ್ಬರೇ ನಿರ್ದೇಶಕರು, ಈಗ ಹನ್ನೊಂದನೇ ಹಾಸಿಗೆಯಲ್ಲಿದ್ದರು.

ನಾಟಕದಣ್ಣ ಮೂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ವಾರ್ಡಿಗೆ ಹೋದಾಗ ನಿರ್ದೇಶಕರ ಹೆಂಡತಿ ಚೀಲ ಹಿಡಿದು ಹೊರಟಿದ್ದರು. “ಔಷಧಿ ಅಂಗಡಿಗೆ ಹೋಗಿ ಬರ್ತೀನಪ್ಪಾ. ಸ್ವಲ್ಪ ನೋಡ್ಕೋ. ಗಂಟಲು ಆಪರೇಷನ್ ಆದಮೇಲೆ ಮಾತಿಲ್ಲ, ಎಲ್ಲಾ ಕೈಸನ್ನೆಯೇ.”

“ನನಗೆ ಹೇಳ್ಬೇಕಾ ಅಮ್ಮಾ? ಅವರ ಕೈ ಬಗ್ಗೆನೇ ಒಂದು ಅಧ್ಯಾಯ ಬರೆದಿದ್ದೀನಿ.”

ಸುಳ್ಳಲ್ಲ. ನಿರ್ದೇಶಕರು ತಾಲೀಮಿನಲ್ಲಿ ಬಾಯಿ ಬಿಡುತ್ತಿರಲಿಲ್ಲ, ಕೈಯಲ್ಲೇ ನಡೆಸುತ್ತಿದ್ದರು ಎಂದು ಹಳೆಯ ಪತ್ರಿಕೆಯೊಂದರಲ್ಲಿ ಓದಿ, ಹನ್ನೆರಡನೇ ಅಧ್ಯಾಯದಲ್ಲಿ ಅದನ್ನೆಲ್ಲ ಬಿಡಿಸಿ ಬರೆದಿದ್ದ. ಬೆರಳು ತೋರಿಸಿದರೆ ‘ಹೊರಗೆ ಹೋಗಿ ಮತ್ತೆ ಬಾ’. ಅಂಗೈ ಬಾಯಿಯ ಕಡೆ ತಿರುಗಿದರೆ ‘ಮಾತು ಒಳಗಿಂದ ಬರಲಿ’. ಮುಷ್ಟಿ ಬಿಗಿದರೆ ‘ಅಲ್ಲಾಡಬೇಡ’.

ಅಂಥವರ ಮುಂದೆ ಇಷ್ಟೊಂದು ಸಾಮಾನೇ? ನಾಚಿಕೆಯಾಯಿತು. ಸ್ಟೂಲು, ನೀರಿನ ಹೂಜಿ, ಮಾತ್ರೆಗಳ ತಟ್ಟೆ ಎಲ್ಲವನ್ನೂ ಕಿಟಕಿಯ ಕಟ್ಟೆಗೆ ಸಾಗಿಸಿದ. ದಿಂಬಿನ ಬಳಿ ಹಾವಿನಂತೆ ಬಿದ್ದಿದ್ದ ಕರೆಗಂಟೆಯ ಉದ್ದ ತಂತಿಯನ್ನು ಎತ್ತಿ, ಹಾಸಿಗೆಯ ಕಾಲಿನ ಕಡೆ ಇದ್ದ ವಾರ್ಡಿನ ಕಂಬದ ಮೊಳೆಗೆ ಒತ್ತುವ ಗುಂಡಿಸಮೇತ ನೇತುಹಾಕಿದ. ರಂಗ ಖಾಲಿಯಾಯಿತು. ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ನಿರ್ದೇಶಕರ ಕೈಗೆ ಕೊಟ್ಟು, ಕಂಬಕ್ಕೆ ಬೆನ್ನು ಕೊಟ್ಟು ನಿಂತ.

“ಸಾರ್, ಎರಡೇ ಸಾಲು ಸಾರ್.”

ನಿರ್ದೇಶಕರು ಅವನನ್ನು ನೋಡಿದರು. ನಿಧಾನವಾಗಿ ಬೆರಳೆತ್ತಿ ಅವನ ಕಡೆಗೇ ತೋರಿಸಿದರು.

ನಾಟಕದಣ್ಣನ ಮೈ ಜುಮ್ಮೆಂದಿತು. “ಹೋಗಿ ಮತ್ತೆ ಬರ್ಲಾ ಸಾರ್?” ಎಂದವನೇ ಓಡಿಹೋಗಿ ಬಾಗಿಲಿನಿಂದ ಗಂಭೀರವಾಗಿ ಬಂದು ಕಂಬದ ಮುಂದೆ ನಿಂತ. ಬೆರಳು ಮತ್ತೆ ಎದ್ದಿತು. ಮತ್ತೆ ಹೋದ.

“ಏನ್ರೀ ಅದು, ಗೂಡ್ಸ್ ಗಾಡಿ ಬಂದ ಹಾಗೆ?” ಎಂದರು ಹತ್ತನೇ ಹಾಸಿಗೆಯ ರೈಲು ಡ್ರೈವರ್. ಸೊಂಟ ಮುರಿದು ತಿಂಗಳಾಗಿತ್ತು. ನೋಡಲು ಇವತ್ತೇ ಏನೋ ಸಿಕ್ಕಿತ್ತು. “ಸ್ಟೇಷನ್ ಬಂತು, ವೇಗ ಕಮ್ಮಿ ಮಾಡಿ!”

“ಭುಜ ಇಳಿದಿದೆ, ಭುಜ,” ಎಂದ ಆಚೆ ಹಾಸಿಗೆಯ ದರ್ಜಿ. “ಬೇರೆಯವರ ಅಳತೆಗೆ ಹೊಲಿದ ಕೋಟು ಹಾಕ್ಕೊಂಡ ಹಾಗಿದೆ.”

ಮೂರನೇ ಸಲ, ನಾಲ್ಕನೇ ಸಲ. ನಿರ್ದೇಶಕರ ಅಂಗೈ ಬಾಯಿಯ ಕಡೆ ತಿರುಗಿತು. “ನೋಡಿದ್ರಾ? ಒಳಗಿಂದ ಬರ್ಲಿ ಅಂತಿದ್ದಾರೆ!” ಎಂದು ನಾಟಕದಣ್ಣ ಇಡೀ ವಾರ್ಡಿಗೆ ವಿವರಿಸಿದ. ಸತ್ತ ಅಪ್ಪನನ್ನು ನೆನೆದು ಕಣ್ಣಲ್ಲಿ ನೀರು ತಂದುಕೊಂಡ. ಅದೂ ಸಾಲದೆಂಬಂತೆ ಅಂಗೈ ಮತ್ತೆ ಮತ್ತೆ ಬಾಯಿಗೆ ಹೋಯಿತು.

ಸಿಸ್ಟರ್ ಬಾಗಿಲಲ್ಲಿ ತಲೆಹಾಕಿದಳು. “ಏನು ಗಲಾಟೆ?”

“ಶ್!” ಎಂದಿತು ವಾರ್ಡಿಗೆ ವಾರ್ಡೇ. “ತಾಲೀಮು ನಡೀತಿದೆ. ಆಮೇಲೆ ಬನ್ನಿ ತಾಯಿ,” ಎಂದು ಡ್ರೈವರ್ ಕೈ ಬೀಸಿದರು. ಅವಳು ನಕ್ಕು ಹೊರಟುಹೋದಳು.

ಆರನೇ ಪ್ರವೇಶದ ಹೊತ್ತಿಗೆ ಪೆನ್ನು ಅಲುಗಾಡಿದ್ದನ್ನು ನಾಟಕದಣ್ಣ ಕಣ್ಣಾರೆ ಕಂಡ. ಬರೆಯುತ್ತಿದ್ದಾರೆ! ಕಂಬದ ಮುಂದೆ ಬಂದು ನಿಂತ. ನಿರ್ದೇಶಕರ ಕೈ ಹಾಳೆಯ ಮೇಲೆ ಮುಷ್ಟಿಯಾಗಿ ಬಿಗಿಯಿತು.

ಅಲ್ಲಾಡಬೇಡ.

ಅವನು ಅಲ್ಲಾಡಲಿಲ್ಲ. ಡ್ರೈವರ್ ಕೆಮ್ಮು ನುಂಗಿದರು. ದರ್ಜಿ ಕೆರೆತ ತಡೆದ. ಐದು ನಿಮಿಷ, ಹತ್ತು ನಿಮಿಷ. ನಿರ್ದೇಶಕರ ಕಣ್ಣು ಅವನ ಮೇಲಿಂದ ಒಂದಿಷ್ಟೂ ಕದಲಲಿಲ್ಲ. ಇಷ್ಟು ಹೊತ್ತು ಯಾರೂ ತನ್ನನ್ನು ನೋಡಿದ್ದಿಲ್ಲ ಎಂದು ಅವನಿಗೆ ಅನ್ನಿಸಿತು.

ನಿರ್ದೇಶಕರ ಹೆಂಡತಿ ಬಂದರು. ಚೀಲ ಕೆಳಗಿಟ್ಟರು. ಗಂಡನ ಮುಖ ನೋಡಿದರು, ಹಣೆ ಮುಟ್ಟಿದರು. ಮೆಲ್ಲಗೆ ರೆಪ್ಪೆ ಮುಚ್ಚಿದರು.

“ಯಾವಾಗ?”

ಅವರು ಗಂಡನ ಮುಷ್ಟಿ ಬಿಡಿಸಿ ಹಾಳೆ ತೆಗೆದುಕೊಂಡರು.

“ಅಮ್ಮಾ... ಅದು... ಎರಡು ಸಾಲು ಮುನ್ನುಡಿ,” ಎಂದು ನಾಟಕದಣ್ಣನ ಬಾಯಿಂದ ಬಂದೇಬಿಟ್ಟಿತು.

ಆ ಅಕ್ಷರ ಓದಲು ಬರುತ್ತಿದ್ದುದು ಅವರೊಬ್ಬರಿಗೇ. ಓದಿದರು: “‘ನೀರು ಬೇಕು. ಗಂಟೆ ಇವನ ಬೆನ್ನ ಹಿಂದಿದೆ.’”

ನಾಟಕದಣ್ಣ ತಿರುಗಿ ಕಂಬದ ಮೊಳೆಯನ್ನು ನೋಡಿದ.

“ಗಂಟೆ ಒತ್ತಿದ್ರೂ... ಉಳೀತಿರ್ಲಿಲ್ಲ ಅಲ್ವಾ ಅಮ್ಮಾ? ಫಿಲ್ಮು ನಾನೇ ನೋಡಿದ್ದೆ.”

“ಉಳೀತಿರ್ಲಿಲ್ಲಪ್ಪಾ. ನೀರು ಕುಡೀತಿದ್ರು.”

ದರ್ಜಿಗೆ ಸುಮ್ಮನಿರಲಾಗಲಿಲ್ಲ. “ಕೆಳಗೆ ರುಜು ಇದೆಯಾ ಅಮ್ಮಾ?”

“ಇದೆ. ರುಜು ಹಾಕದೆ ಒಂದು ಚೀಟೀನೂ ಕೊಟ್ಟೋರಲ್ಲ.” ಅವರು ಹಾಳೆಯನ್ನು ನಾಟಕದಣ್ಣನತ್ತ ಚಾಚಿದರು. “ತಗೋ. ನಿನಗೆ ಬೇಕಾಗಿದ್ದೂ ಎರಡೇ ಸಾಲಲ್ವಾ? ಈಗ ಸ್ವಲ್ಪ ಪಕ್ಕಕ್ಕೆ ಸರಿ.”

ಅವನು ಹಾಳೆ ಹಿಡಿದು ಪಕ್ಕಕ್ಕೆ ಸರಿದ. ಸರಿಯುವಾಗ ಹೆಗಲು ಕಂಬದ ಗುಂಡಿಗೆ ತಗುಲಿತು. ವರಾಂಡದ ತುದಿಯಲ್ಲಿ ಗಂಟೆ ಮೊಳಗಿತು, ಸಿಸ್ಟರ್ ಓಡಿ ಬಂದಳು.