ಟೀಚರಮ್ಮನ ಕಂಪ್ಯೂಟರ್ ಹೊಲ

ನಗು ಹುಡುಕಿಕೊಂಡು ನಾನೆಲ್ಲೂ ಹೋದವಳಲ್ಲ. ಅದು ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿತ್ತು. ಬಿಜಾಪುರದಲ್ಲಿ ಹುಟ್ಟಿ ಮೈಸೂರಿಗೆ ಸೊಸೆಯಾಗಿ ಬಂದವಳು ನಾನು. ನಗು ಬಂದಾಗ ಬಾಯಿಗೆ ಈಗಲೂ ಆ ಕಡೆಯ ಮಾತೇ ಬರುತ್ತದೆ. ವಯಸ್ಸಾದ ಮೇಲೆ ಲಕ್ಷ್ಮೀಪುರಂ ಮನೆಯ ಮುಂದಿನ ಕೋಣೆಯಲ್ಲಿ ಇಂಟರ್ನೆಟ್ ಸೆಂಟರ್ ಇಟ್ಟಿದ್ದೆ. ಎಲ್ಲರೂ ಕಂಪ್ಯೂಟರಿನಲ್ಲಿ ಬೇಸಾಯದ ಆಟಕ್ಕೆ ಬಿದ್ದಿದ್ದ ಕಾಲ. ಬಿತ್ತಬೇಕು, ಕೊಯ್ಯಬೇಕು, ಮಾರಿ ಮತ್ತೆ ಬಿತ್ತಬೇಕು. ತಡವಾದರೆ ಬೆಳೆ ಒಣಗುತ್ತಿತ್ತು.

ಸಾರಿಗೆ ನಾಲ್ಕು

ಎದುರುಮನೆಯ ಟೀಚರಮ್ಮ ನಿವೃತ್ತರಾದವರು. ಇನ್ನು ಯಾವ ಬೆಲ್ಲಿಗೂ ಓಡುವುದಿಲ್ಲ, ಆರಾಮಾಗಿರುತ್ತೇನೆ ಎಂದು ಈ ಆಟ ಹಿಡಿದರು. ಸ್ವಲ್ಪ ದಿನಕ್ಕೇ ಒಲೆ ಆರಿಸಿ, ಟೊಮೇಟೊ ಒಣಗುತ್ತೆ ಕಣ್ರೀ ಎಂದು ಓಡಿಬರತೊಡಗಿದರು. ಒಂದು ಮಧ್ಯಾಹ್ನ ಅವರ ಯಜಮಾನರು ಬಂದು, ಪರದೆಯ ಮುಂದೆ ತರಕಾರಿ ಚೀಲದ ಬಾಯಿ ಅಗಲಿಸಿ ನಿಂತರು.

"ಇಷ್ಟೊಂದು ಬೆಳೆದಿದ್ದೀಯಲ್ಲ, ನಾಲ್ಕು ಹಾಕು. ಸಾರು ನಾನೇ ಮಾಡ್ಕೋತೀನಿ."

ಶುಕ್ರವಾರದ ಹಾಲು

ಶುಕ್ರವಾರ ಸಂಜೆ ಆಟದ ಹಸು ಹಾಲು ಕೊಟ್ಟಿತ್ತು. ಒತ್ತಿದರೆ ಮಾರಾಟ. ಟೀಚರಮ್ಮ ಕೈ ಹಿಂದೆಗೆದರು. ದೀಪ ಹಚ್ಚುವ ಹೊತ್ತಿನಲ್ಲಿ ಹಾಲು ಆಚೆ ಕೊಡಬಾರದಂತೆ. ಇದು ಆಟದ ಹಾಲು ಎಂದರೂ ಕೇಳಲಿಲ್ಲ. ಬೇಕಾದರೆ ಆಟದ ಕಂಪನಿಯವರು ಬೆಳಿಗ್ಗೆ ಬರಲಿ ಎಂದು ಎದ್ದು ಹೋದರು.

ಊರನ್ನೆಲ್ಲ ಗಡಿಯಾರ ತೋರಿಸಿ ಓಡಿಸುತ್ತಿದ್ದ ಆ ಕಂಪನಿಯನ್ನು ಕಾಯಿಸಿದವರು ಅವರೊಬ್ಬರೇ.

ನೆರೆಯವರು ಬೇಕಾಗಿದ್ದಾರೆ

ಹೊಲ ದೊಡ್ಡದಾಗಬೇಕಾದರೆ ಆಟಕ್ಕೆ ಇನ್ನೊಬ್ಬ ನೆರೆಯವರನ್ನು ಸೇರಿಸಬೇಕು, ಇಲ್ಲವೇ ನಿಜವಾದ ದುಡ್ಡು ಕಟ್ಟಬೇಕು. ನಾನೂ ಸೇರಿ ಬೀದಿಯವರೆಲ್ಲ ಆಗಲೇ ನೆರೆಯವರಾಗಿ ಮುಗಿದಿದ್ದೆವು. ಉಳಿದವರು ಶ್ರೀರಾಂಪುರದಲ್ಲಿದ್ದ ಟೀಚರಮ್ಮನ ವಾರಗಿತ್ತಿ ಒಬ್ಬರೇ. ಅವರ ಗೃಹಪ್ರವೇಶಕ್ಕೆ ಟೀಚರಮ್ಮ ಸ್ಟೀಲ್ ಡಬ್ಬಿಯ ತುಂಬ ಕೊಬ್ಬರಿ ಮಿಠಾಯಿ ಕೊಟ್ಟಿದ್ದರು. ಡಬ್ಬಿ ವಾಪಸ್ ಬರಲೇ ಇಲ್ಲ. ಅಂದಿನಿಂದ ಮಾತಿಲ್ಲ. ಆದರೂ ಗೌರಿ ಹಬ್ಬಕ್ಕೆ ಅವರ ಹೆಸರಿನ ಬಾಗಿನ ಪ್ರತಿವರ್ಷ ಸಿದ್ಧವಾಗುತ್ತಿತ್ತು. ಹೊಸಿಲು ಮಾತ್ರ ದಾಟುತ್ತಿರಲಿಲ್ಲ.

ಅವರನ್ನೇ ಕೇಳಿ ಎಂದೆ. ಟೀಚರಮ್ಮ ಪರದೆಯ ಮೇಲಿನ ದರವನ್ನು ಇನ್ನೊಮ್ಮೆ ಓದಿದರು.

"ದುಡ್ಡು ಕಟ್ಟೋದಕ್ಕಿಂತ ಅವಳೇ ವಾಸಿ. ಒತ್ತಿ."

ಮರುದಿನ ಒಪ್ಪಿಗೆ ಬಂತು, ಜೊತೆಗೆ ಉಡುಗೊರೆಯಾಗಿ ಇನ್ನೊಂದು ಆಟದ ಹಸು. ಸಂಜೆ ವಾರಗಿತ್ತಿಯೇ ನಮ್ಮ ಸೆಂಟರಿನ ಮುಂದೆ ಆಟೋ ಇಳಿದರು. ಕೈಯಲ್ಲಿ ಅದೇ ಡಬ್ಬಿ, ತುಂಬ ಚಕ್ಕುಲಿ.

"ಖಾಲಿ ಡಬ್ಬಿ ಹೇಗೆ ಕೊಡೋದು ಅಕ್ಕ? ಏನಾದ್ರೂ ಮಾಡಿ ತುಂಬಿಸಿ ಕೊಡೋಣ ಅಂತಿದ್ದೆ. ಅಷ್ಟರಲ್ಲಿ ನೀವು ಮಾತೇ ಬಿಟ್ಬುಟ್ರಿ."

ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕಕ್ಕೆ ಕುರ್ಚಿ ಎಳೆದುಕೊಟ್ಟರು. ಇಬ್ಬರೂ ಚಕ್ಕುಲಿ ಕಡಿಯುತ್ತ ಹೊಲ ನೋಡುತ್ತಿರುವಾಗ ಪರದೆಯ ಮೇಲೆ ಮತ್ತೆ ಅದೇ ಬೇಡಿಕೆ ಮೂಡಿತು: ಇನ್ನೂ ಹೊಲ ಬೇಕಾದರೆ ಇನ್ನೊಬ್ಬ ನೆರೆಯವರು, ಇಲ್ಲವೇ ದುಡ್ಡು.

"ನಾದಿನಿ ಹತ್ರ ಮಾತಾಡ್ತೀಯೇನೇ?" ಎಂದು ಟೀಚರಮ್ಮ ಕೇಳಿದರು.

"ಎಲ್ಲಿ ಅಕ್ಕ, ಬಿಟ್ಟು ವರ್ಷಗಳಾಯ್ತು. ನೀವು?"

"ನಾನೂ ಅಷ್ಟೇ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಫೋನು ನಾನೇ ಮಾಡಬೇಕಂತೆ. ನನಗೆ ನಗು ತಡೆಯಲಾಗಲಿಲ್ಲ.

"ಮಾಡ್ತೀನ್ರಿ. ಆಕೀ ಡಬ್ಬಿ ಯಾರ ಮನ್ಯಾಗ ಐತಿ, ಮೊದಲ ಅದನ್ನ ಹೇಳ್ರಿ."

ಇಬ್ಬರೂ ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿದರು.